ಹಿಮನದಿಯಲ್ಲಿ ನದಿ ಎಲ್ಲಿದೆ?

ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಹೋದ ವರ್ಷ ಗಂಗೋತ್ರಿಗೆ ಹೋಗಿ, ಅಲ್ಲಿಂದ ಮುಂದಕ್ಕೂ ಏದುಸಿರು ಬಿಡುತ್ತ ನಡೆದು, ಗೋಮುಖ ನೋಡಿಕೊಂಡು ಬಂದರು. ಗಂಗೆಯ ತಂಬಿಗೆಯನ್ನು ನನ್ನ ಕೈಗಿಡುತ್ತಲೇ ದೂರು ಶುರುವಾಯಿತು: “ಹಿಮನದಿ ಹಿಮನದಿ ಅಂತ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆನಲ್ಲಯ್ಯ, ಅಲ್ಲಿ ಹಿಮವೂ ಕಾಣಲಿಲ್ಲ, ನದಿಯೂ ಕಾಣಲಿಲ್ಲ. ಲಾರಿಗಟ್ಟಲೆ ಜಲ್ಲಿ ಸುರಿದ ಹಾಗೆ ಬರೀ ಕಲ್ಲು, ಮಣ್ಣು. ಅದರ ಬುಡದಲ್ಲೊಂದು ಮಾಸಲು ನೀಲಿ ಗೋಡೆ. ಇದಕ್ಕೆ ನದಿ ಅಂತ ಹೆಸರಿಟ್ಟವರು ಯಾರಪ್ಪ?”

ಮೇಷ್ಟ್ರ ದೂರು ನ್ಯಾಯವಾದದ್ದೇ. ಗೋಮುಖದಲ್ಲಿ ಕೊನೆಯಾಗುವ ಗಂಗೋತ್ರಿ ಹಿಮನದಿಯ ಉದ್ದ ಸುಮಾರು 30 ಕಿ.ಮೀ. ಅದರ ಕೆಳಭಾಗವೆಲ್ಲ ಅಕ್ಕಪಕ್ಕದ ಬೆಟ್ಟಗಳಿಂದ ಉದುರಿದ ಕಲ್ಲುಮಣ್ಣಿನ ಹೊದಿಕೆಯ ಅಡಿಯಲ್ಲಿ ಮಲಗಿದೆ. ಕ್ಯಾಲೆಂಡರಿನ ಚಿತ್ರದಲ್ಲಿರುವಂಥ ಬಿಳಿ ಬೇಕಾದರೆ ಇನ್ನೂ ಬಹಳ ಮೇಲೆ ಹತ್ತಬೇಕು. ನೀಲಿ ಗೋಡೆಯ ಬುಡದಿಂದ ಭಾಗೀರಥಿ ಹೊರಬೀಳುತ್ತಾಳೆ, ಅದು ನದಿಯೇ, ತಕರಾರಿಲ್ಲ. ಆದರೆ ಅವಳ ಬೆನ್ನ ಹಿಂದಿನ ಆ ಗಟ್ಟಿ ರಾಶಿ ಹೇಗೆ ನದಿಯಾಯಿತು? ಈ ಪದ ಎಲ್ಲಿಂದ ಬಂತು, ಏನನ್ನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ?

ಮೊದಲು ಮನೆಯ ಪದಗಳನ್ನು ನೋಡೋಣ. ಕನ್ನಡ ನೆಲಕ್ಕೆ ತಾನಾಗಿ ಬಿದ್ದ ಐಸು ಎಂದರೆ ಆಲಿಕಲ್ಲು ಒಂದೇ. ಅದಕ್ಕೆ ನಮ್ಮ ಹಿರಿಯರು ಕಂಡ ಹೋಲಿಕೆ ಕಲ್ಲಿನದು. ಮಂಜು ಎಂದರೆ ನಮಗೆ ಮಡಿಕೇರಿಯ ಬೆಳಗು, ಧನುರ್ಮಾಸದ ನಸುಕಿನಲ್ಲಿ ದಾರಿ ಮುಚ್ಚುವ ಬಿಳಿ. ಅದು ಹಿಡಿಗೆ ಸಿಗುವ ವಸ್ತುವಲ್ಲ. ಆದರೆ ಐಸು ನಮ್ಮೂರಿಗೆ ಬಂದಾಗ ಅದನ್ನು ಕರೆಯಲು ಹುಟ್ಟಿಸಿಕೊಂಡ ಮಾತು ಮಂಜುಗಡ್ಡೆ. ಹಿಡಿಗೆ ಸಿಗದ್ದನ್ನು ಗಡ್ಡೆ ಕಟ್ಟಿಸಿದ ಈ ಪದ ನನಗೆ ಇವತ್ತಿಗೂ ಸೋಜಿಗ. ಹೈದರಾಬಾದಿನ ನೆರಳಿದ್ದ ಜಿಲ್ಲೆಗಳಲ್ಲಿ ಬರ್ಫ ಎಂಬ ಪಾರಸಿ ಮಾತು ಓಡಾಡಿತು. ಬರ್ಫ ಎಂದರೆ ಹಿಮ. ಅದರ ಬಿಳುಪು ಕಂಡು ಹೆಸರಾದದ್ದು ಬರ್ಫಿ. ನಾವು ಹಿಮ ನೋಡದಿದ್ದರೂ ಅದರ ಹೆಸರನ್ನು ತಿಂದು ಬಲ್ಲವರು.

ಇನ್ನೊಂದು ಪದ ನಮ್ಮಲ್ಲಿತ್ತು, ಬೇರೆ ಕೆಲಸಕ್ಕೆ ಹೋಯಿತು. ತಮಿಳಿನಲ್ಲಿ ‘ಪನಿ’ ಎಂದರೆ ಇಬ್ಬನಿ, ಚಳಿ, ಹಿಮ ಎಲ್ಲವೂ. ಇಂಗ್ಲಿಷಿನ ಗ್ಲೇಸಿಯರಿಗೆ, ನಮ್ಮ ಹಿಮನದಿಗೆ, ಅವರು ಪನಿಯಾಱು ಎನ್ನುತ್ತಾರೆ, ಎಂದರೆ ಹಿಮದ ಹೊಳೆ. ಅದೇ ಪನಿ ಹಳಗನ್ನಡದಲ್ಲಿಯೂ ಉಂಟು. ಪಕಾರ ಹಕಾರವಾದಾಗ ಅದು ಹನಿಯಾಯಿತು; ಸಮಾಸದೊಳಗೆ ಅವಿತು ಇಬ್ಬನಿಯಲ್ಲೂ ಕಂಬನಿಯಲ್ಲೂ ಉಳಿಯಿತು. ಅಲ್ಲಿ ಬೆಟ್ಟ ಮುಚ್ಚುವ ಪದ ಇಲ್ಲಿ ಕಣ್ಣಂಚಿನಲ್ಲಿ ನಿಂತಿದೆ. ಹಿಮಕ್ಕೆ ಅದನ್ನು ಕರೆಯುವ ಅಗತ್ಯವೇ ನಮಗೆ ಬೀಳಲಿಲ್ಲ, ಸಂಸ್ಕೃತದ ಹಿಮ ಸಿದ್ಧವಾಗಿತ್ತು.

ಆ ಹಿಮವಾದರೋ ಬಹಳ ದೂರದ ಪಯಣಿಗ. ಮೂಲದಲ್ಲಿ ಅದು ಬೀಳುವ ವಸ್ತುವಿನ ಹೆಸರಲ್ಲ, ಕಾಲದ ಹೆಸರು: ಚಳಿಗಾಲ. ವೇದದ ಕವಿಗಳು ಆಯುಷ್ಯವನ್ನು ಹಿಮಗಳಿಂದ ಎಣಿಸಿದ್ದಾರೆ. ನೂರು ಹಿಮ ಕಂಡವನೆಂದರೆ ನೂರು ವರ್ಷ ಬಾಳಿದವನು. ಹೇಮಂತ ಅದರದೇ ಕೂಸು. ಲ್ಯಾಟಿನ್ನಿನಲ್ಲಿ ಚಳಿಗಾಲಕ್ಕಿದ್ದ ‘ಹಿಯೆಮ್ಸ್’, ರಷ್ಯನ್ನರ ‘ಜಿಮಾ’ ಇದರ ದಾಯಾದಿಗಳು. ಕರಡಿ ಚಳಿಗಾಲವಿಡೀ ನಿದ್ದೆ ಮಾಡುವುದಕ್ಕೆ ಇಂಗ್ಲಿಷಿನವರು ಹೇಳುವ ಹೈಬರ್ನೇಷನ್ನಿನಲ್ಲಿಯೂ ಇದೇ ಬೇರಿದೆ. ಗ್ರೀಕರಲ್ಲಿ ಒಂದು ಚಳಿಗಾಲ ಕಳೆದ ಮೇಕೆಮರಿಗೆ ಈ ಮೂಲದ ಹೆಸರಿತ್ತು. ಸಿಂಹದ ತಲೆ, ಮೇಕೆಯ ಮೈ, ಹಾವಿನ ಬಾಲದ ಕಿಮೈರಾ ಎಂಬ ಭೂತ ಹುಟ್ಟಿದ್ದು ಆ ಮೇಕೆಯಿಂದ. ಹಿಮಾಲಯಕ್ಕೂ ಆ ಭೂತಕ್ಕೂ ಹೀಗೊಂದು ನೆಂಟಸ್ತಿಕೆ.

ಇನ್ನು ನದಿ. ಅದು ನದ್ ಧಾತುವಿನಿಂದ ಬಂದದ್ದು, ನಾದದ ಒಡಹುಟ್ಟು. ಸದ್ದು ಮಾಡುತ್ತ ಹೋಗುವುದರಿಂದ ನದಿ. ಈ ವಿವರಣೆ ಅಥರ್ವವೇದದಲ್ಲಿಯೇ ಇದೆ, ಯಾಸ್ಕನ ನಿರುಕ್ತವೂ ಇದನ್ನೇ ಹೇಳುತ್ತದೆ. ಅಂದರೆ ನದಿಯನ್ನು ಹೆಸರಿಸಿದವರು ಅದರ ಹರಿವಿಗಿಂತ ಮೊದಲು ಅದರ ದನಿಯನ್ನು ಗಮನಿಸಿದ್ದರು. ಹಿಮನದಿಯ ಮಗ್ಗುಲಲ್ಲಿ ಡೇರೆ ಹಾಕಿ ರಾತ್ರಿ ಕಳೆದವರನ್ನು ಕೇಳಿ ನೋಡಿ. ಒಳಗೆ ಐಸು ಬಿರಿಯುವ ಸಿಡಿಲಿನಂಥ ಸದ್ದು, ಅಡಿಯಲ್ಲಿ ನೀರು ಗುಳುಗುಳು ಎನ್ನುವುದು, ಕಲ್ಲುಗಳು ಜಾರಿ ಉರುಳುವುದು, ಇವೆಲ್ಲ ನಿದ್ದೆ ಕೆಡಿಸುತ್ತವೆ ಎನ್ನುತ್ತಾರೆ. ಹರಿವಿನ ಮಾತು ಬಿಟ್ಟರೂ ನಾದದ ಲೆಕ್ಕದಲ್ಲಿ ಅದು ನದಿಯೇ. ಮೇಷ್ಟ್ರಿಗೆ ನಾನು ಕೊಟ್ಟ ಮೊದಲ ಸಮಾಧಾನ ಇದು. ಅವರು ಒಪ್ಪಲಿಲ್ಲ.

ಇಂಗ್ಲಿಷಿನ ಗ್ಲೇಸಿಯರ್‌ನಲ್ಲಿ ನದಿಯೂ ಇಲ್ಲ, ನಾದವೂ ಇಲ್ಲ. ಅದು ಹುಟ್ಟಿದ್ದು ಆಲ್ಪ್ಸ್ ಬೆಟ್ಟಗಳ ಸವಾಯ್ ಸೀಮೆಯಲ್ಲಿ, ದನ ಮೇಯಿಸುವವರ ಬಾಯಲ್ಲಿ. ಲ್ಯಾಟಿನ್ನಿನ ‘ಗ್ಲಾಸಿಯೆಸ್’ ಎಂದರೆ ಐಸು. ಅದರ ಬೇರಿನಿಂದಲೇ ಇಂಗ್ಲಿಷಿನ ಕೋಲ್ಡ್, ಮಕ್ಕಳು ತಿನ್ನುವ ಜೆಲ್ಲಿ, ಔಷಧದ ಗುಳಿಗೆಯ ಜೆಲಾಟಿನ್ ಎಲ್ಲ ಬಂದಿವೆ. ಸವಾಯಿಯ ಗ್ಲಾಸಿಯೇರ್ ಎಂದರೆ ಐಸಿರುವ ಜಾಗ, ಅಷ್ಟೆ. ಫ್ರೆಂಚಿನಲ್ಲಿ ಐಸು ಕೂಡಿಡುವ ನೆಲಮಾಳಿಗೆಗೂ ಅದೇ ಹೆಸರು. 1741ರ ಜೂನಿನಲ್ಲಿ ವಿಲಿಯಂ ವಿಂಡಮ್, ರಿಚರ್ಡ್ ಪೋಕಾಕ್ ಎಂಬ ಇಬ್ಬರು ಇಂಗ್ಲಿಷರು ಜಿನೀವಾದಿಂದ ಶಾಮೊನಿ ಕಣಿವೆಗೆ ಹೋದರು. ಬಿರುಗಾಳಿಗೆ ಎದ್ದ ಸರೋವರ ಇದ್ದಕ್ಕಿದ್ದಂತೆ ಹೆಪ್ಪುಗಟ್ಟಿದಂತಿದೆ ಎಂದು ವಿಂಡಮ್ ಬರೆದ. ಆ ಹೋಲಿಕೆಯಿಂದ ಅಲ್ಲಿನ ದೊಡ್ಡ ಹಿಮನದಿಗೆ ‘ಮೆರ್ ದ ಗ್ಲಾಸ್’, ಐಸಿನ ಕಡಲು, ಎಂಬ ಹೆಸರು ನಿಂತಿತು. 1744ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸದ ಪತ್ರ ‘ಗ್ಲಾಸಿಯೇರ್’ ಎಂಬ ಮಾತನ್ನು ಇಂಗ್ಲಿಷ್ ಓದುಗರ ಮುಂದಿಟ್ಟಿತು. ಮಾಳಿಗೆ, ಕಡಲು, ಸರೋವರ ಎಂಬೆಲ್ಲ ಹೋಲಿಕೆಗಳು ಬಂದವು, ನದಿ ಮಾತ್ರ ಬರಲಿಲ್ಲ. ಹೆಪ್ಪುಗಟ್ಟಿ ನಿಂತದ್ದು ಎಂಬುದೇ ಆಗಿನ ಕಣ್ಣಿಗೆ ಕಂಡ ನಿಜ.

ಅದೇ ಆಲ್ಪ್ಸ್‌ನ ಟಿರೋಲಿನ ರೈತರು ಇನ್ನೂ ಜಾಣರು. ಅವರು ಗ್ಲೇಸಿಯರಿಗೆ ‘ಫೆರ್ನರ್’ ಎನ್ನುತ್ತಾರೆ. ಆ ಪದದ ಒಳಗಿರುವುದು ‘ಫಿರ್ನ್’, ಎಂದರೆ ಹಳೆಯದು, ಹೋದ ವರ್ಷದ್ದು. ಹೋದ ವರ್ಷದ ಹಿಮ ಈ ವರ್ಷವೂ ಕರಗದೆ ಉಳಿದರೆ ಅದು ಫಿರ್ನ್. ಹಿಮನದಿ ಹುಟ್ಟುವ ಗುಟ್ಟೆಲ್ಲ ಈ ಒಂದು ಮಾತಿನಲ್ಲಿದೆ. ಚಳಿ ಎಷ್ಟು ಜೋರು ಎನ್ನುವುದು ಮುಖ್ಯವಲ್ಲ. ಚಳಿಗಾಲದಲ್ಲಿ ಬಿದ್ದದ್ದೆಲ್ಲವನ್ನೂ ಬೇಸಿಗೆ ಕರಗಿಸಲಾರದೆ ಹೋಯಿತೇ ಎನ್ನುವುದು ಮುಖ್ಯ. ಸೈಬೀರಿಯಾದಲ್ಲಿ ಕಡುಚಳಿಯ ವಿಶಾಲ ಬಯಲುಗಳಿವೆ, ಆ ಬಯಲುಗಳಲ್ಲಿ ಹಿಮನದಿಯಿಲ್ಲ. ಅಲ್ಲಿ ಬೀಳುವ ಹಿಮ ಕಡಿಮೆ, ಬಿದ್ದದ್ದನ್ನು ಬೇಸಿಗೆ ಮುಗಿಸಿಬಿಡುತ್ತದೆ. ಸಮಭಾಜಕದ ಮೇಲಿರುವ ಆಫ್ರಿಕಾದ ಕೀನ್ಯಾ ಬೆಟ್ಟದ ನೆತ್ತಿಯಲ್ಲಿ ಪುಟ್ಟದಾದರೂ ಹಿಮನದಿ ಇದೆ.

ಉಳಿದ ಹಿಮದ ಮೇಲೆ ಹೊಸ ಹಿಮ ಬೀಳುತ್ತದೆ. ಆಗತಾನೆ ಬಿದ್ದ ಹಿಮದ ಒಂದು ಘನ ಮೀಟರಿನ ತೂಕ ನೂರು ಕಿಲೋ ಅಥವಾ ಅದಕ್ಕೂ ಕಡಿಮೆ, ಉಳಿದದ್ದೆಲ್ಲ ಗಾಳಿ. ಅರಳೆಯ ಹಾಗೆ. ಮೇಲಿನ ಭಾರಕ್ಕೆ ನಕ್ಷತ್ರದಂಥ ಹರಳುಗಳ ತೋಳು ಮುರಿದು, ಕಾಳುಕಾಳಾಗಿ, ಒಂದಕ್ಕೊಂದು ಅಂಟುತ್ತವೆ. ರವೆಯಂತಿದ್ದದ್ದು ಕಲ್ಲುಸಕ್ಕರೆಯಂತಾಗುತ್ತದೆ. ತೂಕ 830 ಕಿಲೋ ಮುಟ್ಟುವ ಹೊತ್ತಿಗೆ ಒಳಗಿನ ಗಾಳಿಯ ದಾರಿಗಳು ಮುಚ್ಚಿಹೋಗಿ, ಅಳಿದುಳಿದ ಗಾಳಿ ಗುಳ್ಳೆಯಾಗಿ ಸೆರೆ ಸಿಗುತ್ತದೆ. ಅಲ್ಲಿಂದ ಮುಂದಕ್ಕೆ ಅದು ಹಿಮವಲ್ಲ, ಐಸು. ತೇವ ಹೆಚ್ಚಿರುವ ಆಲ್ಪ್ಸ್‌ನಂಥ ಬೆಟ್ಟಗಳಲ್ಲಿ ಇದಕ್ಕೆ ಕೆಲವು ವರ್ಷ, ಕೆಲವು ದಶಕ ಸಾಕು. ಅಂಟಾರ್ಕ್ಟಿಕದ ಒಳನಾಡಿನಲ್ಲಿ ಸಾವಿರಾರು ವರ್ಷ ಹಿಡಿಯುವುದೂ ಉಂಟು. ದಪ್ಪನೆಯ ಐಸು ಬೆಳಕಿನ ಕೆಂಪನ್ನು ಹೀರಿಕೊಂಡು ನೀಲಿಯನ್ನು ಉಳಿಸುತ್ತದೆ. ಮೇಷ್ಟ್ರು ಕಂಡ ಮಾಸಲು ನೀಲಿ ಇದೇ.

ಈ ಹಳೆಯ ಹಿಮಕ್ಕೆ ಸವಾಯಿಯವರು ‘ನೆವೆ’ ಎನ್ನುತ್ತಾರೆ. ಅದು ಲ್ಯಾಟಿನ್ನಿನಲ್ಲಿ ಹಿಮಕ್ಕಿದ್ದ ಪದದಿಂದ ಬಂದದ್ದು. ಆ ಪದದ, ಇಂಗ್ಲಿಷಿನ ಸ್ನೋ ಪದದ ಮೂಲವನ್ನು ಭಾಷಾಶಾಸ್ತ್ರಜ್ಞರು ನಮ್ಮ ಸ್ನಿಹ್ ಧಾತುವಿಗೆ ಜೋಡಿಸುತ್ತಾರೆ. ಅಂಟು, ಜಿಡ್ಡು, ಎಣ್ಣೆ ಎಂಬರ್ಥದ ಸ್ನೇಹ. ಆಮೇಲೆ ಗೆಳೆತನವೆಂಬರ್ಥದ ಸ್ನೇಹ. ಹಿಮ ಎಂದರೆ ಅಂಟಿಕೊಳ್ಳುವುದು ಎಂದು ಆ ಪುರಾತನರು ತಿಳಿದಿದ್ದರೆ, ಹರಳುಗಳು ಒಂದಕ್ಕೊಂದು ಅಂಟಿ ಐಸಾಗುವ ಬಗೆ ನೋಡಿದರೆ, ಹೆಸರು ಸರಿಯಾಗಿಯೇ ಬಿದ್ದಿದೆ.

ಹಿಮನದಿ ನಡೆಯುತ್ತದೆಯೇ ಎಂಬ ಪ್ರಶ್ನೆಗೆ ಈಗ ಬರೋಣ. ಬೆಟ್ಟದವರಿಗೆ ಇದು ಪ್ರಶ್ನೆಯೇ ಆಗಿರಲಿಲ್ಲ. ಮೇಲೆ ಬಿದ್ದ ಬಂಡೆ ಕೆಲವು ವರ್ಷಕ್ಕೆ ಕೆಳಗೆ ಬಂದಿರುವುದನ್ನು ಅವರು ಕಂಡಿದ್ದರು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾನ್ಯ ಕಣಿವೆಯ ಬೇಟೆಗಾರ ಜಾನ್ ಪಿಯೆರ್ ಪೆರೊದ್ಯಾಂ, ಕಣಿವೆಯ ಎತ್ತರದಲ್ಲಿ ಕೂತಿರುವ ಪರದೇಶಿ ಬಂಡೆಗಳನ್ನು ಅಲ್ಲಿಗೆ ತಂದದ್ದು ಹಿಂದೊಮ್ಮೆ ಕಣಿವೆ ತುಂಬಿದ್ದ ಹಿಮನದಿಯೇ ಎಂದು ಶಾರ್ಪಾಂತಿಯೇ ಎಂಬ ಗಣಿ ಎಂಜಿನಿಯರಿಗೆ ಹೇಳಿದ. ಎಂಜಿನಿಯರು ಆಗ ನಂಬಲಿಲ್ಲ. ಎಷ್ಟೋ ವರ್ಷದ ಮೇಲೆ ಅದನ್ನೇ ಗ್ರಂಥವಾಗಿ ಬರೆದ. ಓದಿದವರ ಈ ಚಾಳಿ ಎಲ್ಲ ಊರಿನಲ್ಲೂ ಒಂದೇ.

1827ರಲ್ಲಿ ಹೂಗಿ ಎಂಬ ಸ್ವಿಸ್ ಪಂಡಿತ ಉಂಟರಾರ್ ಹಿಮನದಿಯ ಮೇಲೆ ಒಂದು ಕಲ್ಲಿನ ಗುಡಿಸಲು ಕಟ್ಟಿಸಿದ. 1840ರ ಹೊತ್ತಿಗೆ ಅದು ಕಟ್ಟಿದ ಜಾಗದಿಂದ ಒಂದು ಕಿ.ಮೀ.ಗಿಂತ ಹೆಚ್ಚು ಕೆಳಗಿತ್ತು. ಗುಡಿಸಲನ್ನು ಯಾರೂ ಹೊತ್ತಿರಲಿಲ್ಲ. ಅದೇ ಹಿಮನದಿಯ ಮೇಲೆ ಬಿಡಾರ ಹೂಡಿ ಲೂಯಿ ಅಗಸ್ಸಿ ಎಂಬ ವಿಜ್ಞಾನಿ ಗೂಟ ನೆಟ್ಟು ಅಳೆದ. ಅದೇ ಕಾಲದಲ್ಲಿ ಸವಾಯಿಯ ಪಾದ್ರಿ ಲೂಯಿ ರಾಂದ್ಯು, ಹಿಮನದಿ ಎಲ್ಲ ಲೆಕ್ಕದಲ್ಲೂ ನದಿಯನ್ನು ಹೋಲುತ್ತದೆ ಎಂದು ಬರೆದ: ನಡುವೆ ವೇಗ, ದಡದಲ್ಲಿ ನಿಧಾನ, ಕಿರಿದಾದಲ್ಲಿ ಉಬ್ಬು, ಅಗಲವಾದಲ್ಲಿ ಹರವು. 1842ರಲ್ಲಿ ಎಡಿನ್‌ಬರೋದ ಜೇಮ್ಸ್ ಫೋರ್ಬ್ಸ್ ದೂರದರ್ಶಕದ ಯಂತ್ರ ಹಿಡಿದು ಮೆರ್ ದ ಗ್ಲಾಸಿನ ಚಲನೆಯನ್ನು ದಿನದಿನಕ್ಕೆ ಅಳೆದು ತೋರಿಸಿದ. ಹಗಲೂ ರಾತ್ರಿಯೂ ಅದು ನಡೆಯುತ್ತಿತ್ತು; ನಡು ಮುಂದೆ, ಅಂಚು ಹಿಂದೆ. ಆಮೇಲೆ ಜಾನ್ ಟಿಂಡಾಲ್ ಎಂಬ ಇನ್ನೊಬ್ಬ ವಿಜ್ಞಾನಿ ಬಂದು, ಅಂಟಂಟಾಗಿ ಹರಿಯುತ್ತದೆ ಎನ್ನುವ ಫೋರ್ಬ್ಸನ ಮಾತು ತಪ್ಪು, ಐಸು ಒಡೆದು ಮತ್ತೆ ಬೆಸೆದುಕೊಳ್ಳುತ್ತ ಸಾಗುತ್ತದೆ ಎಂದು ವಾದಿಸಿದ. ಆ ಜಗಳ ಅವರಿಬ್ಬರಿಗೂ ಬಹಳ ಕಹಿಯಾಯಿತು.

ಜಗಳವನ್ನು ಮೀರಿದ ಸಾಕ್ಷಿ ಒಂದಿದೆ. 1820ರಲ್ಲಿ ಹಾಮೆಲ್ ಎಂಬಾತನ ತಂಡ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಶಿಖರ ಏರುತ್ತಿದ್ದಾಗ ಹಿಮ ಕುಸಿದು, ಮೂವರು ಮಾರ್ಗದರ್ಶಿಗಳು ಬಿರುಕಿನೊಳಗೆ ಬಿದ್ದು ಕಾಣೆಯಾದರು. ಹಿಮನದಿಯ ವೇಗ ಲೆಕ್ಕ ಹಾಕಿದ ಫೋರ್ಬ್ಸ್, ಅವರ ದೇಹ ಸುಮಾರು ನಲವತ್ತು ವರ್ಷಕ್ಕೆ ಕೆಳತುದಿಯಲ್ಲಿ ಹೊರಬರುತ್ತದೆ ಎಂದಿದ್ದ. 1861ರಲ್ಲಿ ಬೊಸ್ಸೋಂ ಹಿಮನದಿಯ ತುದಿಯಲ್ಲಿ ಅವು ಹೊರಬಂದವು. ಆ ದಿನ ಬದುಕುಳಿದಿದ್ದ ಮಾರ್ಗದರ್ಶಿಯೊಬ್ಬ ಈಗ ಮುದುಕನಾಗಿ ಬಂದು, ಇನ್ನೂ ಹರೆಯದಲ್ಲೇ ಇದ್ದ ತನ್ನ ಜೊತೆಗಾರರನ್ನು ಗುರುತಿಸಿದ.

ಹೇಗೆ ನಡೆಯುತ್ತದೆ? ಇಸ್ಪೀಟಿನ ಕಟ್ಟನ್ನು ಮೇಜಿನ ಮೇಲಿಟ್ಟು ಮೇಲಿನಿಂದ ಓರೆಯಾಗಿ ಒತ್ತಿ. ಎಲೆಗಳು ಒಂದರ ಮೇಲೊಂದು ಜಾರುತ್ತವೆ. ಐಸಿನ ಹರಳಿನೊಳಗೂ ಪದರಗಳಿವೆ. ತನ್ನದೇ ಭಾರಕ್ಕೆ ಅವು ಹಾಗೆ ಜಾರುತ್ತವೆ. ನೀರು ಈ ರೀತಿ ಹರಿಯುವುದಿಲ್ಲ, ಜೇನೂ ಹರಿಯುವುದಿಲ್ಲ. ಜೇನಿನ ಮೇಲಿನ ಒತ್ತಡ ಎರಡು ಪಟ್ಟಾದರೆ ಹರಿವೂ ಎರಡು ಪಟ್ಟು. ಐಸಿನಲ್ಲಿ ಒತ್ತಡ ಎರಡು ಪಟ್ಟಾದರೆ ವಿರೂಪಗೊಳ್ಳುವ ವೇಗ ಹೆಚ್ಚುಕಡಿಮೆ ಎಂಟು ಪಟ್ಟು. 1950ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಜಾನ್ ಗ್ಲೆನ್ ಐಸಿನ ತುಂಡುಗಳ ಮೇಲೆ ತೂಕ ಹೇರಿ ಇದನ್ನು ಕಂಡುಕೊಂಡ. ಹಾಗಾಗಿ ಸ್ವಲ್ಪ ದಪ್ಪಗಾದ ಹಿಮನದಿ ಬಹಳ ಬೇಗ ಚುರುಕಾಗುತ್ತದೆ, ತೆಳುವಾದದ್ದು ಬಹಳ ಬೇಗ ಸೊರಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಎರಡನೆಯ ನಡಿಗೆ ಬುಡದಲ್ಲಿ. ಭಾರದ ಒತ್ತಡಕ್ಕೆ ಐಸು ಕರಗುವ ಬಿಂದು ಕೊಂಚ ಇಳಿಯುತ್ತದೆ. ಬಂಡೆಯ ಎದುರು ಭಾಗಕ್ಕೆ ಒತ್ತಿದಾಗ ಕರಗಿ, ಹಿಂಭಾಗಕ್ಕೆ ಹರಿದು, ಅಲ್ಲಿ ಮತ್ತೆ ಹೆಪ್ಪುಗಟ್ಟಿ, ಹೀಗೆ ಬಂಡೆಯನ್ನು ಬಳಸಿಕೊಂಡು ಮುಂದೆ ಹೋಗುತ್ತದೆ. ಬೇಸಿಗೆಯಲ್ಲಿ ಮೇಲಿನ ಕರಗುನೀರು ಬಿರುಕುಗಳಿಂದ ಇಳಿದು ತಳ ಸೇರಿದರೆ ಇಡೀ ರಾಶಿ ಎಣ್ಣೆ ಸವರಿದ ಹಲಗೆಯ ಮೇಲಿನಂತೆ ಜಾರುತ್ತದೆ. ತಳ ಮೆದು ಕೆಸರಾಗಿದ್ದರೆ ಕೆಸರೇ ಅದನ್ನು ಹೊತ್ತು ಸಾಗುತ್ತದೆ. ಇತ್ತ ಮೇಲಿನ ಮೂವತ್ತು, ಐವತ್ತು ಮೀಟರ್ ಐಸಿಗೆ ಬಾಗುವಷ್ಟು ಭಾರವಿಲ್ಲ. ಅಡಿಯದು ಬಾಗುತ್ತ ನಡೆದಾಗ ಮೇಲಿನದು ಒಡೆಯುತ್ತದೆ. ಆಳ ಕಾಣದ ಆ ಬಿರುಕುಗಳು ಹಿಮದ ತೆಳು ಮುಸುಕು ಹೊದ್ದು ಚಾರಣಿಗರಿಗೆ ಕಾದಿರುತ್ತವೆ. ವೇಗದ ವಿಚಾರಕ್ಕೆ ಬಂದರೆ, ವರ್ಷಕ್ಕೆ ಕೆಲವು ಮೀಟರ್ ತೆವಳುವುದರಿಂದ ಹಿಡಿದು, 2012ರ ಬೇಸಿಗೆಯಲ್ಲಿ ಗ್ರೀನ್‌ಲ್ಯಾಂಡಿನ ಯಾಕೊಬ್ಸ್‌ಹಾವ್ನ್ ಓಡಿದಂತೆ ದಿನಕ್ಕೆ 46 ಮೀಟರ್ ವರೆಗೆ ಉಂಟು. ಕಾರಾಕೋರಂನ ಕುಟಿಯಾ ಎಂಬುದು 1953ರಲ್ಲಿ ಮೂರೇ ತಿಂಗಳಲ್ಲಿ 12 ಕಿ.ಮೀ. ನುಗ್ಗಿ ಬಂತು.

ಹಾಗಾದರೆ ನಮ್ಮ ಪದ ಗೆದ್ದಿತು. ಸವಾಯಿಯ ಗ್ಲೇಸಿಯರ್ ಹೇಳದೆ ಬಿಟ್ಟದ್ದನ್ನು, ಯೂರೋಪಿನ ಪಂಡಿತರು ಶತಮಾನಕ್ಕೂ ಹೆಚ್ಚು ಕಾಲ ಗುದ್ದಾಡಿ ಒಪ್ಪಿದ್ದನ್ನು, ಹಿಮನದಿ ಎಂಬ ನಾಲ್ಕಕ್ಷರ ಬಾಗಿಲಲ್ಲೇ ಹೇಳಿಬಿಡುತ್ತದೆ. ಜಗಳ ತೀರಿದ ಮೇಲೆ ಹುಟ್ಟಿದ ಪದದ ಅನುಕೂಲ ಅದು. ಚೀನೀಯರೂ ಐಸು, ನದಿ ಎಂಬ ಎರಡನ್ನೇ ಕೂಡಿಸಿಕೊಂಡಿದ್ದಾರೆ.

ಆದರೆ ಹಿಮನದಿಗಳ ಬಳಿಯಲ್ಲೇ ಬಾಳುವವರ ಪದಗಳಿಗೆ ನದಿಯ ಹಂಗಿಲ್ಲ. ಗಢವಾಲದಲ್ಲಿ ಅದು ‘ಬಮಕ್’. ಗಂಗೋತ್ರಿಯ ಅಕ್ಕಪಕ್ಕದವನ್ನು ಕೀರ್ತಿ ಬಮಕ್, ಚತುರಂಗಿ ಬಮಕ್ ಎನ್ನುತ್ತಾರೆ. ಲಾಹೌಲಿನಲ್ಲಿ ‘ಶಿಗ್ರಿ’, ಬಡಾ ಶಿಗ್ರಿ, ಛೋಟಾ ಶಿಗ್ರಿ ಎಂಬ ಎರಡು ನಮ್ಮ ವಿಜ್ಞಾನಿಗಳಿಗೆ ಮನೆಮಾತು. ಬಾಲ್ಟಿಯಲ್ಲಿ ‘ಗಾಂಗ್’. ಬಾಲ್ಟಿಸ್ತಾನದವರು ಅದರಲ್ಲಿ ಗಂಡು, ಹೆಣ್ಣು ಎಂದು ಎರಡು ಜಾತಿ ಮಾಡಿದ್ದಾರೆ. ಕಲ್ಲುಮಣ್ಣು ಹೊದ್ದು ಕಪ್ಪಗಿರುವ, ನೀರು ಕಡಿಮೆ ಕೊಡುವ, ನಿಧಾನಿ ಗಂಡು. ಬೆಳ್ಳಗೆ ನೀಲಿಯಾಗಿ ಹೊಳೆಯುವ, ಬೆಳೆಯುವ, ನೀರು ಕೊಡುವ ಹೆಣ್ಣು. ಎರಡರ ತುಂಡುಗಳನ್ನೂ ಹೊತ್ತು ತಂದು, ಎತ್ತರದ ನೆರಳು ಜಾಗದಲ್ಲಿ ಹೊಟ್ಟು, ಇದ್ದಿಲು ಹೊದಿಸಿ ಹೂತು, ಹೊಸ ಹಿಮನದಿ ಹುಟ್ಟಲಿ ಎಂದು ಮದುವೆ ಮಾಡುವ ಪದ್ಧತಿ ಅಲ್ಲಿದೆ. ಇದನ್ನು ಮೂಢನಂಬಿಕೆ ಎಂದು ನಗುವ ಮೊದಲು ಒಂದು ಮಾತು. ದಪ್ಪ ಮಣ್ಣು ಹೊದ್ದ ಐಸು ನಿಧಾನ ಕರಗುತ್ತದೆ, ಬತ್ತಲೆ ಐಸು ಬೇಗ ನೀರು ಬಿಡುತ್ತದೆ ಎಂಬುದು ಇಂದಿನ ವಿಜ್ಞಾನವೂ ಹೇಳುವ ಮಾತೇ. ಮೇಷ್ಟ್ರು ನೋಡಿ ಬಂದದ್ದು, ಬಾಲ್ಟಿಗಳ ಲೆಕ್ಕದಲ್ಲಿ, ಒಂದು ಗಂಡು.

ಬೆಟ್ಟದವರು ಹೆಸರಿಡುವುದು ಮನೆಯಲ್ಲಿ ಕಂಡದ್ದರಿಂದ. ಹಿಮನದಿ ಕಡಿದಾದ ಜಾಗದಲ್ಲಿ ಇಳಿದು ಗೋಪುರಗಳಂತೆ ಒಡೆದು ನಿಲ್ಲುವುದಕ್ಕೆ ‘ಸೆರಾಕ್’ ಎನ್ನುತ್ತಾರೆ. ಸವಾಯಿಯಲ್ಲಿ ಅದು ಹಾಲಿನ ತಿಳಿಯಿಂದ ಮಾಡುವ, ಪುಡಿಪುಡಿಯಾಗುವ ಬಿಳಿ ಚೀಸಿನ ಹೆಸರು. ನಾವು ಹೆಸರಿಟ್ಟಿದ್ದರೆ ಗಿಣ್ಣು ಎನ್ನುತ್ತಿದ್ದೆವೇನೋ. ಕರಗುನೀರು ಸುಳಿಸುತ್ತಿ ಇಳಿಯುವ ಬಾವಿಗೆ ‘ಮೂಲಾಂ’, ಗಿರಣಿ. ಹಿಮನದಿ ತಂದು ಸುರಿದ ಮಣ್ಣಿನ ದಿಬ್ಬಕ್ಕೆ ‘ಮೊರೇನ್’, ಹೊಲದ ಅಂಚಿನ ಮಣ್ಣುಗುಡ್ಡೆಗಿದ್ದ ಮಾತು. ಕೆಳತುದಿಗೆ ಜರ್ಮನ್ನರು ನಾಲಿಗೆ ಎಂದರು, ಇಂಗ್ಲಿಷರು ಪ್ರಾಣಿಯ ಮೂತಿ ಎಂದರು, ನಮ್ಮವರು ಹಸುವಿನ ಮುಖ ಕಂಡರು.

ಗೋಮುಖದ ಬಗ್ಗೆ ಪತ್ರಿಕೆಗಳು ಬರೆಯುವ ‘ಹಿಮ್ಮೆಟ್ಟುತ್ತಿದೆ’ ಎಂಬ ಮಾತಿಗೆ ನನ್ನದೊಂದು ತಕರಾರಿದೆ. 1935ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಜೆ. ಬಿ. ಆಡೆನ್ ಅದರ ಮೂತಿ ಎಲ್ಲಿದೆ ಎಂದು ನಕ್ಷೆ ಬರೆದ. ಆತ ಇಂಗ್ಲಿಷ್ ಕವಿ ಆಡೆನ್‌ನ ಅಣ್ಣ. 1996ರ ಹೊತ್ತಿಗೆ ಮೂತಿ ಅಲ್ಲಿಂದ ಒಂದು ಕಿ.ಮೀ.ಗಿಂತ ಹೆಚ್ಚು ಮೇಲೆ ಸರಿದಿತ್ತು. ಆದರೆ ಹಿಮನದಿ ಹಿಂದಕ್ಕೆ ನಡೆಯುವುದಿಲ್ಲ. ಅದರ ಐಸು ಇವತ್ತೂ ಕೆಳಗೇ ಬರುತ್ತಿದೆ. ಬಂದಷ್ಟಕ್ಕಿಂತ ಹೆಚ್ಚು ತುದಿಯಲ್ಲಿ ಕರಗಿಹೋಗುತ್ತಿದೆ. ಸಂಬಳ ಬರುತ್ತಲೇ ಇದೆ, ಖರ್ಚು ಅದನ್ನು ಮೀರಿದೆ. ಹಿಮ್ಮೆಟ್ಟುವುದಲ್ಲ, ಸವೆಯುವುದು.

ಇನ್ನೂ ಕೆಟ್ಟದ್ದು ‘ಹಿಮನದಿ ಸ್ಫೋಟ’. 2021ರ ಫೆಬ್ರುವರಿ 7ರಂದು ಉತ್ತರಾಖಂಡದ ಚಮೋಲಿಯಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಇಲ್ಲವೇ ಕಾಣೆಯಾದರು. ಸುದ್ದಿಯಲ್ಲೆಲ್ಲ ಹಿಮನದಿ ಸ್ಫೋಟ. ಆಮೇಲೆ ತಿಳಿದದ್ದು, ರೊಂಟಿ ಶಿಖರದ ಮಗ್ಗುಲಿನಿಂದ ಸುಮಾರು 2.7 ಕೋಟಿ ಘನ ಮೀಟರ್ ಬಂಡೆ ಮತ್ತು ಐಸು ಕಳಚಿ ಬಿದ್ದಿತ್ತು, ಅದರಲ್ಲಿ ಬಹುಪಾಲು ಬಂಡೆಯೇ ಎಂದು. ಹಿಮನದಿ ಸ್ಫೋಟಿಸುವ ವಸ್ತುವಲ್ಲ. ಒಡೆಯುವುದೇನಿದ್ದರೂ ಅದರ ಮುಂದೆ ಕಟ್ಟಿಕೊಂಡ ಸರೋವರ. 2013ರ ಜೂನಿನಲ್ಲಿ ಕೇದಾರನಾಥದ ಮೇಲೆ ಒಡೆದ ಚೋರಾಬಾರಿ ಅಂಥದ್ದು.

ಹಿಮಪಾತ ಎಂಬ ಪದದ ಕಥೆಯೂ ಹೀಗೇ, ಅದಕ್ಕೆ ಸಾಕ್ಷಿ ಸಿಯಾಚಿನ್. ಬಾಲ್ಟಿಯಲ್ಲಿ ಸಿಯಾ ಎಂದರೆ ಗುಲಾಬಿ. ಸಿಯಾಚಿನ್ ಎಂದರೆ ಗುಲಾಬಿ ಹೇರಳವಾಗಿರುವ ಜಾಗ. 76 ಕಿ.ಮೀ. ಉದ್ದದ ಆ ಹಿಮನದಿ ಕರ್ನಾಟಕದ ಮನೆಮನೆಗೆ ಗೊತ್ತಾದದ್ದು 2016ರ ಫೆಬ್ರುವರಿ 3ರಂದು. 19,600 ಅಡಿ ಎತ್ತರದ ಠಾಣೆಯ ಹತ್ತು ಸೈನಿಕರ ಮೇಲೆ ಹಿಮ ಕುಸಿಯಿತು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನದ ಮೇಲೆ ಅಡಿಯಿಂದ ಜೀವಂತ ಸಿಕ್ಕರು, 11ರಂದು ದೆಹಲಿಯಲ್ಲಿ ತೀರಿಕೊಂಡರು. ಆ ದಿನಗಳ ಕನ್ನಡ ಸುದ್ದಿಯಲ್ಲಿ ಹಿಮಪಾತ ಎಂಬುದೇ ಹೆಚ್ಚು ಓಡಾಡಿತು. ಹಿಮಪಾತ ಎಂದರೆ ಹಿಮ ಬೀಳುವುದು, ಮಳೆ ಬಿದ್ದ ಹಾಗೆ. ಗುಡ್ಡದಂಥ ಹಿಮ ಕಳಚಿ ಮೈಮೇಲೆ ಬರುವುದಕ್ಕೂ ಅದೇ ಮಾತಾದರೆ, ಮೃದುವಾದ ಪದವೊಂದು ದೊಡ್ಡ ಭೀಕರವನ್ನು ಮುಚ್ಚಿದಂತೆ. ಹಿಮಕುಸಿತ ಎಂಬ ಒಳ್ಳೆಯ ಪದ ಇದೆ, ಅದೇ ಸಾಕು.

ಹಿಮನದಿ ಎಂಬ ಪದಕ್ಕೂ ಒಂದು ಇಕ್ಕಟ್ಟಿದೆ. ಕಣಿವೆಯೊಳಗೆ ದಡ ಕಟ್ಟಿಕೊಂಡು ಇಳಿಯುವ ಗಂಗೋತ್ರಿಗೆ, ಸಿಯಾಚಿನ್‌ಗೆ ಆ ಹೆಸರು ಅಂಗಿಯಂತೆ ಕೂರುತ್ತದೆ. ಬೆಟ್ಟದ ಮಡಿಲಿನ ಗುಂಡಿಯೊಳಗೆ ಬಟ್ಟಲಲ್ಲಿ ಮೊಸರಿನಂತೆ ಕೂತ ಪುಟ್ಟ ಐಸಿಗೆ ಅಷ್ಟು ಹೊಂದದು. ಅಲಾಸ್ಕದ ಮಾಲಸ್ಪೀನಾ ಕಣಿವೆ ದಾಟಿ ಬಯಲಿಗೆ ಬಂದು, ಕಾವಲಿಯ ಮೇಲೆ ಹುಯ್ದ ದೋಸೆ ಹಿಟ್ಟಿನಂತೆ ದುಂಡಗೆ ಹರಡಿಕೊಂಡಿದೆ. ಐಸ್‌ಲ್ಯಾಂಡಿನ ವಾತ್ನಯೋಕುಲ್ ಬೆಟ್ಟಗಳನ್ನೇ ಮುಚ್ಚಿದ ಟೋಪಿ, ಎಲ್ಲ ದಿಕ್ಕಿಗೂ ಇಳಿಯುತ್ತದೆ. ಅಂಟಾರ್ಕ್ಟಿಕದ ಹಾಸಾದರೋ 1.4 ಕೋಟಿ ಚದರ ಕಿ.ಮೀ., ಭಾರತದ ನಾಲ್ಕು ಪಟ್ಟಿಗಿಂತ ದೊಡ್ಡದು, ಸರಾಸರಿ ದಪ್ಪ ಹತ್ತಿರ ಹತ್ತಿರ ಎರಡು ಕಿ.ಮೀ. ಅದರ ಕೆಲವು ಭಾಗಗಳಲ್ಲಿ ತಳ ಬಂಡೆಗೇ ಹೆಪ್ಪುಗಟ್ಟಿ ಅಂಟಿದೆ, ಜಾರುವ ಮಾತೇ ಇಲ್ಲ. ಖಂಡ ಮುಚ್ಚಿದ ಇದನ್ನು ನದಿ ಎನ್ನುವುದು ಅರಬ್ಬಿ ಸಮುದ್ರವನ್ನು ಕೆರೆ ಎಂದ ಹಾಗೆ. ಅದರೊಳಗೆ ವೇಗವಾಗಿ ಸಾಗುವ ಲ್ಯಾಂಬರ್ಟ್‌ನಂಥ ಪಟ್ಟೆಗಳಿವೆ. ನದಿ ಎಂಬ ಮಾತು ಸಲ್ಲಬೇಕಾದದ್ದು ಅವಕ್ಕೆ.

ಎಲ್ಲಕ್ಕೂ ಸಲ್ಲುವ ಒಂದು ಪದ ಬೇಕಲ್ಲ? ಅದು ಎರಡು ಸಾವಿರ ವರ್ಷದಿಂದ ಉಗ್ರಾಣದಲ್ಲಿ ಬಿದ್ದಿದೆ: ಹಿಮಾನಿ. ಪಾಣಿನಿ ಇಂದ್ರನ ಹೆಂಡತಿ ಇಂದ್ರಾಣಿ, ವರುಣನ ಹೆಂಡತಿ ವರುಣಾನಿ ಆಗುವ ಬಗೆ ಹೇಳುವ ಸೂತ್ರದಲ್ಲಿ ಹಿಮ, ಅರಣ್ಯ ಎಂಬ ಎರಡನ್ನೂ ಸೇರಿಸಿದ್ದಾನೆ. ಹಾಗಾದರೆ ಹಿಮಾನಿ ಹಿಮನ ಹೆಂಡತಿಯೇ? ಅಲ್ಲ, ಈ ಎರಡರಲ್ಲಿ ಪ್ರತ್ಯಯ ದೊಡ್ಡದು ಎಂಬರ್ಥ ಕೊಡುತ್ತದೆ ಎಂದು ಕಾತ್ಯಾಯನನ ವಾರ್ತಿಕ ತಿದ್ದುತ್ತದೆ. ಅರಣ್ಯಾನಿ ಮಹಾರಣ್ಯ, ಹಿಮಾನಿ ಮಹಾಹಿಮ. ಅಮರಕೋಶವೂ ಹಿಮದ ದೊಡ್ಡ ರಾಶಿಗೆ ಈ ಹೆಸರನ್ನು ಕೊಡುತ್ತದೆ. ಹೆಣ್ಣಾದರೆ ದೊಡ್ಡದಾಗುತ್ತದೆ ಎಂಬ ಈ ವ್ಯಾಕರಣಕ್ಕೂ ಬೆಳೆಯುವ ಹಿಮನದಿಯನ್ನು ಹೆಣ್ಣು ಎನ್ನುವ ಬಾಲ್ಟಿ ಕುರುಬರಿಗೂ ಸಂಬಂಧವಿಲ್ಲ, ಆದರೂ ಎರಡನ್ನೂ ಒಟ್ಟಿಗಿಟ್ಟು ನೋಡುವುದು ನನಗಿಷ್ಟ. ಹಿಂದಿಯ ಭೂಗೋಳದವರು ಹಿಮಾನಿಯನ್ನು ಆಗಲೇ ಬಳಕೆಗೆ ತಂದಿದ್ದಾರೆ. ನಾವು ಹೆಣ್ಣುಮಕ್ಕಳಿಗೆ ಇಡುತ್ತೇವೆ, ಪಾಠಪುಸ್ತಕಕ್ಕೆ ತರಲಿಲ್ಲ. ಪತ್ರಿಕೆಗಳಲ್ಲಿ ಈಚೆಗೆ ನೀರ್ಗಲ್ಲು ಎಂಬುದೂ ಕಾಣುತ್ತದೆ, ಒಮ್ಮೆ ಐಸಿಗೆ, ಒಮ್ಮೆ ಗ್ಲೇಸಿಯರಿಗೆ. ಆಲಿಕಲ್ಲಿನ ದಾರಿಯಲ್ಲಿ ಬಂದ ಚೆಂದದ ಪದ. ಐಸಿಗೆ ಇರಲಿ, ನಡೆಯುವ ವಸ್ತುವಿಗೆ ಬೇಡ. ನನ್ನ ತೀರ್ಪು ಇಷ್ಟು: ಇಡೀ ಕುಲಕ್ಕೆ ಹಿಮಾನಿ, ಕಣಿವೆಯಲ್ಲಿ ಇಳಿಯುವುದಕ್ಕೆ ಹಿಮನದಿ, ಖಂಡ ಮುಚ್ಚಿದ್ದಕ್ಕೆ ಹಿಮಹಾಸು.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ: “ನಡೆಯುವುದು ನಿಂತರೆ ಅದಕ್ಕೆ ಏನಂತೀಯಯ್ಯ?”

ಅದಕ್ಕೆ ಉತ್ತರ ಐಸ್‌ಲ್ಯಾಂಡಿನಲ್ಲಿದೆ. ಅಲ್ಲಿ ಹಿಮಾನಿಗೆ ‘ಯೋಕುಲ್’ ಎನ್ನುತ್ತಾರೆ, ಇಂಗ್ಲಿಷಿನ ಐಸಿಕಲ್‌ನ ಕೊನೆಯ ತುಣುಕಿನ ಸೋದರ. ಬಹುತೇಕ ಅವುಗಳ ಹೆಸರಿನ ಕೊನೆಗೆ ಆ ಪದ ಅಂಟಿರುತ್ತದೆ. ಓಕ್ ಎಂಬ ಬೆಟ್ಟದ ಮೇಲಿದ್ದದ್ದು ಓಕ್‌ಯೋಕುಲ್. ಅದು ತೆಳುವಾಗುತ್ತ ಬಂತು. 2014ರಲ್ಲಿ ಹಿಮಾನಿ ತಜ್ಞ ಓಡ್ಡುರ್ ಸಿಗುರ್ಡ್ಸನ್ ಬೆಟ್ಟ ಹತ್ತಿ ನೋಡಿ, ತನ್ನ ಭಾರಕ್ಕೆ ತಾನು ನಡೆಯುವಷ್ಟು ದಪ್ಪ ಅದಕ್ಕೆ ಉಳಿದಿಲ್ಲ, ಆದ್ದರಿಂದ ಇದು ಯೋಕುಲ್ ಅಲ್ಲ ಎಂದ. ಅಲ್ಲಿ ಐಸು ಇನ್ನೂ ಇತ್ತು. 2019ರ ಆಗಸ್ಟಿನಲ್ಲಿ ಜನ ಮೇಲೆ ಹತ್ತಿ ಬಂಡೆಗೊಂದು ತಾಮ್ರದ ಫಲಕ ಹೊಡೆದರು. ಅಲ್ಲಿಯವರು ಈಗ ಅದನ್ನು ಕರೆಯುವುದು ಬರೀ ಓಕ್ ಎಂದು.